ಗುಡ್ಡದ ದ್ರಾಕ್ಷಿಯನ್ನು ಬರೀ ತಕ್ಕಡಿಯಲ್ಲಿ ತೂಗಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಹಳೆಯ ಕೋಟೆ, ದೇಸಗತಿ ವಾಡೆ (ದೇಸಾಯರ ಕೋಟೆಮನೆ) ಮತ್ತು ಸಂಸ್ಥಾನಿಕರ ಗುಡ್ಡಗಳ ಇಳಿಜಾರಿನಲ್ಲಿ ಕೆಂಪು ವೈನಿನ ದ್ರಾಕ್ಷಿ ಬೆಳೆಸಿ ಪ್ರವಾಸಿಗರನ್ನು ಕರೆತಂದರೆ ಪಾಳುಬಿದ್ದ ಜಾಗಗಳಿಗೂ ಜೀವ ಬರುತ್ತದೆ, ರೈತನ ಕೈಗೂ ನಾಲ್ಕು ಕಾಸು ಸೇರುತ್ತದೆ ಎಂದು ವಾಚಕರೊಬ್ಬರು ಇದೇ ಅಂಕಣದಲ್ಲಿ ಬರೆದದ್ದನ್ನು ಓದಿದೆ. ಸಲಹೆ ಕೆಟ್ಟದ್ದಲ್ಲ. ಆದರೆ ಗುಡ್ಡದ ಮಡ್ಡಿ ಹೇಗೂ ಬರಡು ಭೂಮಿ, ಅಲ್ಲಿ ಬಳ್ಳಿ ನೆಟ್ಟರೆ ಬಂದಷ್ಟು ಲಾಭವೇ ಎಂಬ ಅವರ ಮಾತನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ, ಏಕೆಂದರೆ ಅಂಥದೇ ಮಾತನ್ನು ನಂಬಿ 2008ರಲ್ಲಿ ನಾನೇ ಬಳ್ಳಿ ನೆಟ್ಟಿದ್ದೆ.

ನಾನು ಜಮಖಂಡಿ ತಾಲೂಕಿನ ದ್ರಾಕ್ಷಿ ಬೆಳೆಗಾರ. ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ದ್ರಾಕ್ಷಿ ಬೆಳೆದು, ಒಣಗಿಸಿ, ಮೊದಲು ತಾಸಗಾಂವದ ಪೇಟೆಗೂ ಈಚೆಗೆ ವಿಜಯಪುರದ ಎಪಿಎಂಸಿಗೂ ಒಯ್ಯುವ ಸಾವಿರಾರು ಜನರಲ್ಲಿ ಒಬ್ಬ. ನಮ್ಮೂರಿನ ಗುಡ್ಡದ ನೆತ್ತಿಯಲ್ಲಿ ದೇಸಾಯರ ವಾಡೆಯಿತ್ತು. ಈಗ ಉಳಿದಿರುವುದು ಒಂದು ಅಗಸೆ (ದೊಡ್ಡ ಹೆಬ್ಬಾಗಿಲು), ಎರಡು ಬುರುಜು ಮತ್ತು ಮೆಟ್ಟಿಲು ಬಾವಿ. ಅದರ ಕೆಳಗೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಗಾರೆಯಿಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಕೂಡಿಸಿ ಕಟ್ಟಿದ ಐದು ಒಡ್ಡುಗಳಿವೆ. ನಮ್ಮಪ್ಪ ಆ ಜಮೀನಿನ ಗೇಣಿದಾರರಾಗಿದ್ದರು. 1974ರಲ್ಲಿ ಭೂಸುಧಾರಣೆಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅದರಲ್ಲಿನ ಎರಡು ಎಕರೆ ನಮ್ಮ ಹೆಸರಿಗಾಯಿತು. ಅಲ್ಲಿ ಹುರುಳಿ, ಸಜ್ಜೆ ಬಿಟ್ಟರೆ ಬೇರೇನೂ ಬಿತ್ತಿದ ನೆನಪು ನನಗಿಲ್ಲ.

2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಮಹಾರಾಷ್ಟ್ರ ಅದಕ್ಕೂ ಆರು ವರ್ಷ ಮೊದಲೇ, 2001ರಲ್ಲಿ, ಅಂಥ ನೀತಿ ತಂದು ನಾಸಿಕದ ಸುತ್ತ ವೈನರಿಗಳ ಸಾಲನ್ನೇ ನಿಲ್ಲಿಸಿತ್ತು. ಒಣದ್ರಾಕ್ಷಿಯ ದರ ಕುಸಿದ ವರ್ಷಗಳಲ್ಲಿ ಮೈಸುಟ್ಟುಕೊಂಡಿದ್ದ ನಮಗೆ ಇದೊಂದು ಹೊಸ ದಾರಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆಗ ವೈನ್ ಕಂಪನಿಯೊಂದರ ಪ್ರತಿನಿಧಿ ನಮ್ಮೂರಿಗೆ ಬಂದು, ಎಷ್ಟು ಬೆಳೆದರೂ ಕಿಲೋಗೆ ಮೂವತ್ತು ರೂಪಾಯಿಯಂತೆ ಒಯ್ಯುತ್ತೇವೆ ಎಂದು ಬಾಯಿಮಾತಿನ ಭರವಸೆ ಕೊಟ್ಟರು. ಕೆಳಗಿನ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಎರಡು ಎಕರೆ, ಗುಡ್ಡದ ಒಡ್ಡುಗಳಲ್ಲಿ ಎರಡು ಎಕರೆ, ಎರಡೂ ಕಡೆ ಶಿರಾಜ್ ಎಂಬ ಕೆಂಪು ವೈನಿನ ತಳಿಯನ್ನೇ ಹಾಕಿದೆ. (ಆದಿಲ್‌ಶಾಹಿಗಳ ನಾಡಿನವರಾದ ನಾವು ಇದು ಇರಾನಿನ ಶಿರಾಜ್ ಪಟ್ಟಣದಿಂದಲೇ ಬಂದ ಬಳ್ಳಿಯೆಂದು ಹೆಮ್ಮೆಪಟ್ಟದ್ದುಂಟು. ವಂಶವಾಹಿಯ ಪರೀಕ್ಷೆ ಮಾಡಿದ ವಿಜ್ಞಾನಿಗಳು ಇದು ಫ್ರಾನ್ಸಿನ ಎರಡು ಹಳೆಯ ತಳಿಗಳ ಕೂಸೆಂದು ತೋರಿಸಿಕೊಟ್ಟಿದ್ದಾರೆ.)

ತಿನ್ನುವ ದ್ರಾಕ್ಷಿಯಲ್ಲಿ ಪಳಗಿದ ಕೈಗೆ ವೈನ್ ದ್ರಾಕ್ಷಿ ಎಷ್ಟು ಅಪರಿಚಿತವೆಂಬುದನ್ನು ಮೊದಲು ಹೇಳಬೇಕು. ನಾವು ಕಾಳು ಉದ್ದವಾಗಲೆಂದು ಜಿ.ಎ. (ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಚೋದಕ) ದ್ರಾವಣದಲ್ಲಿ ಗೊಂಚಲನ್ನು ಅದ್ದುತ್ತೇವೆ, ತೂಕ ಬರಲೆಂದು ನೀರು ಕೊಡುತ್ತೇವೆ. ಕೆಂಪು ವೈನಿಗೆ ಬೇಕಾದದ್ದು ಇದಕ್ಕೆ ತೀರ ವಿರುದ್ಧವಾದದ್ದು. ಕಪ್ಪು ದ್ರಾಕ್ಷಿಯ ಒಳಗಿನ ರಸ ಬಹುಪಾಲು ತಳಿಗಳಲ್ಲಿ ಬಣ್ಣವಿಲ್ಲದ್ದೇ; ವೈನಿಗೆ ಕೆಂಪು ಬರುವುದೂ, ನಾಲಗೆಗೆ ಒಗರು ಹತ್ತುವುದೂ ರಸವನ್ನು ಸಿಪ್ಪೆಯ ಜೊತೆಯಲ್ಲೇ ಹಲವು ದಿನ ಹುದುಗಿಸುವುದರಿಂದ. ಕಾಳು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು. ನಮ್ಮ ಪೇಟೆಯಲ್ಲಿ ಯಾರೂ ಮೂಸಿ ನೋಡದಂಥ ಗುಂಡುಕಾಳಿನ, ಬೀಜ ತುಂಬಿದ, ದಪ್ಪ ಸಿಪ್ಪೆಯ ಹಣ್ಣೇ ಅಲ್ಲಿ ಉತ್ತಮ. ಸಕ್ಕರೆಯ ಲೆಕ್ಕವೂ ಬೇರೆ. ತಿನ್ನುವ ಹಣ್ಣನ್ನು 18 ಬ್ರಿಕ್ಸ್‌ನ (ರಸದಲ್ಲಿನ ಸಕ್ಕರೆಯ ಅಳತೆ) ಆಸುಪಾಸಿನಲ್ಲಿ ಕೊಯ್ದರೆ ನಡೆಯುತ್ತದೆ. ಇದನ್ನು 23–24ರವರೆಗೆ ಬಳ್ಳಿಯಲ್ಲೇ ಬಿಡಬೇಕು, ಆಗ ವೈನಿನಲ್ಲಿ ಸುಮಾರು ಶೇ 13ರಷ್ಟು ಮದ್ಯಸಾರ ನಿಲ್ಲುತ್ತದೆ. ಆದರೆ ಸಕ್ಕರೆ ಏರುತ್ತಿದ್ದಂತೆ ಹುಳಿ ಇಳಿಯುತ್ತದೆ, ನಮ್ಮ ಫೆಬ್ರವರಿ ಕೊನೆಯ ಬಿಸಿಲಿನಲ್ಲಂತೂ ನೋಡನೋಡುತ್ತಲೇ ಇಳಿಯುತ್ತದೆ. ಇವೆರಡೂ ಹದವಾಗಿ ಸೇರುವ ನಾಲ್ಕಾರು ದಿನಗಳೇ ಕೊಯ್ಲಿನ ದಿನಗಳು. ಬೀಜ ಹಸಿರು ಬಿಟ್ಟು ಕಂದಾಗಿದೆಯೇ ಎಂದು ಹಲ್ಲಿನಲ್ಲಿ ಕಡಿದು ನೋಡುವುದನ್ನು ನಾನು ಆ ಪ್ರತಿನಿಧಿಯಿಂದಲೇ ಕಲಿತೆ. ಅಷ್ಟರಮಟ್ಟಿಗೆ ಅವರಿಗೆ ಋಣಿ.

ಮೊದಲ ಫಲದ ಚಾಟ್ನಿ (ಬಳ್ಳಿಯ ಕಡ್ಡಿ ಸವರುವ ಕೆಲಸ) ಮಾಡಬೇಕಾಗಿದ್ದದ್ದು 2009ರ ಅಕ್ಟೋಬರಿನಲ್ಲಿ. ಆ ವರ್ಷ ಸೆಪ್ಟೆಂಬರಿನ ಕೊನೆಗೆ ಸುರಿದ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿದ್ದು ಎಲ್ಲರ ನೆನಪಿನಲ್ಲಿದೆ. ಎರಿ ಹೊಲದಲ್ಲಿ ಹದಿನೈದು ದಿನ ಕಾಲಿಡಲಾಗಲಿಲ್ಲ. ಕಾಲಿಟ್ಟಾಗ ಎಲೆಯ ತಳದಲ್ಲಿ ಡೌನಿ ಎಂಬ ಶಿಲೀಂಧ್ರ ರೋಗದ ಬಿಳಿ ಬೂಷ್ಟು ಹರಡಿತ್ತು. ಗುಡ್ಡದ ಒಡ್ಡುಗಳಲ್ಲಿ ಮಾತ್ರ ಮಳೆ ನಿಂತ ಮರುದಿನವೇ ನೀರು ಬಸಿದುಹೋಗಿ, ಗಾಳಿಗೆ ಎಲೆ ಒಣಗಿ, ನಾಲ್ಕನೆಯ ದಿನ ಕತ್ತರಿ ಹಿಡಿದು ನಿಂತೆವು. ನೂರಾರು ವರ್ಷಗಳ ಹಿಂದೆ ಆ ಒಡ್ಡು ಕಟ್ಟಿದವರು ದ್ರಾಕ್ಷಿಯ ವಿಚಾರ ಮಾಡಿರಲಿಕ್ಕಿಲ್ಲ. ಕಲ್ಲಿನ ನಡುವೆ ಗಾರೆ ತುಂಬದೆ ನೀರಿಗೆ ದಾರಿ ಬಿಟ್ಟ ಅವರ ಕೈಗೆಲಸ ಅಂದು ನನ್ನ ಬೆಳೆಯನ್ನು ಉಳಿಸಿತು.

ಮುಂದಿನ ಎರಡು ಹಂಗಾಮುಗಳಲ್ಲಿ ಅಂತರ ಇನ್ನೂ ಸ್ಪಷ್ಟವಾಯಿತು. ಎರಿ ಹೊಲದ ಬಳ್ಳಿ ಹುಚ್ಚೆದ್ದು ಬೆಳೆಯಿತು. ಆಗ ನಮ್ಮ ಕಡೆಯ ನರ್ಸರಿಗಳಲ್ಲಿ ಸಿಗುತ್ತಿದ್ದ ಬೇರುಸಸಿ (ಕಸಿ ಕಟ್ಟಲು ಬೇರಾಗಿ ಬಳಸುವ ಬಳ್ಳಿ) ಡಾಗ್‌ರಿಡ್ಜ್ ಒಂದೇ. ಉಪ್ಪುನೀರು, ಬರ ಎರಡನ್ನೂ ತಾಳಿಕೊಳ್ಳುವುದರಿಂದ ಥಾಮ್ಸನ್‌ಗೆ ಅದು ವರವೇ ಸರಿ. ಆದರೆ ಅದರ ಕಸುವು ಹೆಚ್ಚು. ಆಳವಾದ ಎರಿಮಣ್ಣಿನಲ್ಲಿ ಶಿರಾಜ್‌ಗೆ ಕೊಟ್ಟರೆ ಎಲೆಯ ನೆರಳಿನಲ್ಲಿ ಗೊಂಚಲಿಗೆ ಬಣ್ಣವೇ ಏರುವುದಿಲ್ಲ. ಜೊತೆಗೆ ಅದು ಮಣ್ಣಿನ ಪೊಟ್ಯಾಸಿಯಂ ಅನ್ನು ಹೆಚ್ಚಾಗಿ ಹೀರಿ ರಸಕ್ಕೆ ಸೇರಿಸುವುದರಿಂದ ಹುಳಿ ಸತ್ತು, ಪಿಎಚ್ ಏರಿ, ವೈನಿನ ಬಣ್ಣ ಮಂಕಾಗುತ್ತದೆ, ವೈನು ಬಾಳಿಕೆ ಬರುವುದಿಲ್ಲ. ಗುಡ್ಡದಲ್ಲಿ ಬೇರುಸಸಿ ಅದೇ ಇದ್ದರೂ ಒಂದೂವರೆ ಅಡಿ ಗರಸು (ಕಲ್ಲುಪುಡಿಯ ಮಣ್ಣು), ಅದರ ಕೆಳಗೆ ಬಿರುಕುಬಿಟ್ಟ ಕರಿಕಲ್ಲು. ಬಳ್ಳಿ ತಾನಾಗಿಯೇ ಹದ್ದುಬಸ್ತಿನಲ್ಲಿ ಉಳಿಯಿತು. ಎರಿಯಲ್ಲಿ ಎಕರೆಗೆ ಎಂಟು ಟನ್, ಗುಡ್ಡದಲ್ಲಿ ಮೂರು ಟನ್. ಗುಡ್ಡದ ಹಣ್ಣನ್ನು ಹಿಸುಕಿದರೆ ಬೆರಳಿಗೆ ಹತ್ತಿದ ಬಣ್ಣ ಎರಡು ದಿನ ಹೋಗುತ್ತಿರಲಿಲ್ಲ.

ನನ್ನ ಪತ್ರದ ಮುಖ್ಯ ಮಾತು ಇಲ್ಲಿದೆ. ಕಂಪನಿಯವರು ಎರಡೂ ಹೊಲದ ಹಣ್ಣಿಗೆ ಒಂದೇ ದರ ಕೊಟ್ಟರು. ಎಂಟು ಟನ್ನಿಗೆ ಎರಡು ಲಕ್ಷ ನಲವತ್ತು ಸಾವಿರ, ಮೂರು ಟನ್ನಿಗೆ ತೊಂಬತ್ತು ಸಾವಿರ. ಗುಡ್ಡಕ್ಕೆ ಹನಿ ನೀರಾವರಿಯ ಪೈಪು ಹತ್ತಿಸುವ ಖರ್ಚು, ಟ್ರ್ಯಾಕ್ಟರ್ ಏರದ ಕಡೆ ಬೆನ್ನಮೇಲೆ ಪಂಪು ಹೊತ್ತು ಔಷಧ ಹೊಡೆಯುವ ಕೂಲಿ, ಪ್ರತಿ ಮಳೆಗಾಲದ ನಂತರ ಜಾರಿದ ಕಲ್ಲನ್ನು ಮತ್ತೆ ಕೂಡಿಸುವ ಕೆಲಸ ಇವೆಲ್ಲ ಸೇರಿದರೆ ಆ ತೊಂಬತ್ತು ಸಾವಿರದಲ್ಲಿ ಉಳಿಯುತ್ತಿದ್ದುದು ಏನೂ ಇಲ್ಲ. ಅದೇ ಪ್ರತಿನಿಧಿ ಗುಡ್ಡದ ಕ್ರೇಟುಗಳನ್ನು ಬೇರೆ ಲಾರಿಗೆ ಹೇರಿಸುತ್ತಿದ್ದರು, ಅದನ್ನು ಬೇರೆಯಾಗಿಯೇ ಹುದುಗಿಸುತ್ತಾರೆಂದು ತಾವೇ ಹೇಳುತ್ತಿದ್ದರು. ಹಣ್ಣಿನ ಗುಣ ಅವರ ಪೀಪಾಯಿಗೆ ಗೊತ್ತಿತ್ತು, ಅವರ ತಕ್ಕಡಿಗೆ ಗೊತ್ತಿರಲಿಲ್ಲ. ತೂಕಕ್ಕೆ ಮಾತ್ರ ಬೆಲೆ ಕಟ್ಟುವ ಕಡೆ ಯಾವ ರೈತನಾದರೂ ಗುಡ್ಡದ ಬಳ್ಳಿಗೂ ನೀರು ಗೊಬ್ಬರ ಸುರಿದು ಐದಾರು ಟನ್ ತೆಗೆಯಲು ನೋಡುತ್ತಾನೆ. ನಾನೂ 2012ರಲ್ಲಿ ಹಾಗೆಯೇ ಮಾಡಿದೆ. ಆ ವರ್ಷ ಗುಡ್ಡದ ಹಣ್ಣು ಎರಿಯ ಹಣ್ಣಿನಂತೆಯೇ ಆಯಿತು. ದುಡ್ಡು ಸ್ವಲ್ಪ ಹೆಚ್ಚು ಬಂತು. ಅದು ಗುಡ್ಡದ ತಪ್ಪಲ್ಲ.

2013ರಲ್ಲಿ ಕಥೆ ಮುಗಿಯಿತು. ಹಣ್ಣು ಹದಕ್ಕೆ ಬಂದು ಫೋನ್ ಮಾಡಿದರೆ ಇಂದು ನಾಳೆ ಎಂದರು. ಹನ್ನೆರಡು ದಿನ ಕಾದೆವು. ಬ್ರಿಕ್ಸ್ 27 ದಾಟಿತು, ಕಾಳು ಸುಕ್ಕುಗಟ್ಟಿತು, ಬಲೆ ಹಾಕದ ಸಾಲುಗಳಲ್ಲಿ ಹಕ್ಕಿಗಳ ಜಾತ್ರೆ ನೆರೆಯಿತು. ನಾಸಿಕದ ಕಡೆ ಕೆಲವು ವರ್ಷ ಮೊದಲೇ ಬೇಡಿಕೆ ಬಿದ್ದು ರೈತರು ವೈನ್ ದ್ರಾಕ್ಷಿಯ ತೋಟಗಳನ್ನು ಕಿತ್ತುಹಾಕಿದ ಸುದ್ದಿ ನಮಗೂ ತಲುಪಿತ್ತು. ಆದರೂ ಬರಹದಲ್ಲಿ ಏನನ್ನೂ ಪಡೆಯದೆ ಕೂತದ್ದು ನಮ್ಮದೇ ಮೂರ್ಖತನ. ತಿನ್ನುವ ದ್ರಾಕ್ಷಿಯಾಗಿದ್ದರೆ ಶೆಡ್ಡಿನ ಬಲೆಯ ಮೇಲೆ ಹರಡಿ ಒಣಗಿಸಬಹುದಿತ್ತು. ಇದನ್ನೂ ಒಣಗಿಸಿ ನೋಡಿದೆವು: ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಬಂದದ್ದು ಬರೀ ಬೀಜ ಮತ್ತು ಸಿಪ್ಪೆ, ಅದನ್ನು ಕೇಳುವವರಿರಲಿಲ್ಲ. ಆ ಏಪ್ರಿಲಿನಲ್ಲಿ ಎರಿಯ ತೋಟವನ್ನು ಕಿತ್ತು ಮತ್ತೆ ಥಾಮ್ಸನ್ ಹಾಕಿದೆ. ಗುಡ್ಡದಲ್ಲಿ ಮೇಲಿನ ಒಡ್ಡಿನ ಇಪ್ಪತ್ತು ಗುಂಟೆಯನ್ನು ಮಾತ್ರ ಕೀಳಲು ಮನಸ್ಸಾಗದೆ ಉಳಿಸಿಕೊಂಡಿದ್ದೇನೆ.

ಹಾಗಾದರೆ ಗುಡ್ಡದಲ್ಲಿ ವೈನ್ ದ್ರಾಕ್ಷಿ ಬೇಡವೇ ಎಂದು ಕೇಳಿದರೆ, ಬೇಕು ಎಂದೇ ಹೇಳುತ್ತೇನೆ, ಆದರೆ ಅದನ್ನು ಗುಡ್ಡದ ಲೆಕ್ಕದಲ್ಲಿ ಮಾಡಬೇಕು. ಫ್ರಾನ್ಸಿನ ರೋನ್ ನದಿಯ ದಂಡೆಯಲ್ಲಿರುವ ಎರ್ಮಿಟಾಜ್ ಗುಡ್ಡದ ಹೆಸರನ್ನು ಆ ವಾಚಕರು ಉದಾಹರಿಸಿದ್ದರು. ಅಲ್ಲಿ ಕಲ್ಲಿನ ಒಡ್ಡುಗಳಲ್ಲಿ ಬೆಳೆಯುವುದು ಇದೇ ಶಿರಾಜ್, ಅಲ್ಲಿನವರ ಬಾಯಲ್ಲಿ ಸಿರಾ. ಆದರೆ ಆ ನಾಡಿನಲ್ಲಿ ಇಂಥ ಹೆಸರಾಂತ ಸೀಮೆಯ ಹೊಲದಿಂದ ಎಷ್ಟು ವೈನ್ ತೆಗೆಯಬಹುದೆಂಬುದಕ್ಕೆ ಕಾನೂನಿನ ಮಿತಿಯಿದೆ. ಮಿತಿ ಮೀರಿದರೆ ಆ ಗುಡ್ಡದ ಹೆಸರನ್ನು ಬಾಟಲಿಯ ಮೇಲೆ ಹಾಕುವಂತಿಲ್ಲ. ಗುಡ್ಡದ ಹೆಸರಿಗೆ ಬೆಲೆ ಉಳಿದಿರುವುದರಲ್ಲಿ ಈ ಮಿತಿಯ ಪಾಲೂ ಇದೆ. ನಾವು ಗುಡ್ಡವನ್ನು ನೋಡಿ ಮಿತಿಯನ್ನು ಮರೆತರೆ ಉಳಿಯುವುದು ಬರೀ ಇಳಿಜಾರು.

ಇನ್ನೊಂದು ವ್ಯತ್ಯಾಸವಿದೆ. ಎರ್ಮಿಟಾಜ್‌ನವರು ಚಳಿನಾಡಿನವರು, ಬಿಸಿಲು ಹುಡುಕಿಕೊಂಡು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಹೋದರು. ನಮಗೆ ಬೇಕಾದದ್ದು ಇಳಿಹೊತ್ತಿನ ಬಿಸಿಲು ಬೇಗ ಸರಿಯುವ ಪೂರ್ವದ ಅಥವಾ ಈಶಾನ್ಯದ ಮಗ್ಗಲು. ಗೊಂಚಲಿನ ಸುತ್ತ ಎಲೆ ಕೀಳುವುದಿದ್ದರೂ ಮೂಡಣ ದಿಕ್ಕಿನಲ್ಲಿ ಮಾತ್ರ ಕೀಳಬೇಕು, ಪಡುವಣದ ಎಲೆ ಮುಟ್ಟಿದರೆ ಮಧ್ಯಾಹ್ನದ ಬಿಸಿಲಿಗೆ ಹಣ್ಣು ಬೇಯುತ್ತದೆ. ಪಶ್ಚಿಮಕ್ಕೆ ತೆರೆದ ಕೋಟೆಯ ಗುಡ್ಡ ಎಷ್ಟೇ ಸುಂದರವಾಗಿದ್ದರೂ ಅದನ್ನು ಪ್ರವಾಸಿಗರ ಸೂರ್ಯಾಸ್ತಕ್ಕೆ ಬಿಟ್ಟುಬಿಡುವುದು ಲೇಸು. ಹಾಗೆಯೇ ಮೂರು ಜಿಲ್ಲೆಗಳ ಗುಡ್ಡಗಳನ್ನು ಒಂದೇ ಹಗ್ಗದಲ್ಲಿ ಕಟ್ಟಲಾಗದು. ವಿಜಯಪುರ, ಅಥಣಿಯ ಕಡೆ ಕರಿಕಲ್ಲಿನ ಗರಸು. ಬಾದಾಮಿಯ ಕಡೆ ಕೆಂಪು ಮರಳುಗಲ್ಲು. ಲೋಕಾಪುರ, ಬಾಗಲಕೋಟೆಯ ಸುತ್ತ ಸಿಮೆಂಟ್ ಕಾರ್ಖಾನೆಗಳನ್ನೇ ಸಾಕುವಷ್ಟು ಸುಣ್ಣದಕಲ್ಲು. ಸುಣ್ಣ ಹೆಚ್ಚಿರುವ ನೆಲದಲ್ಲಿ ಕಬ್ಬಿಣಾಂಶ ಸಿಗದೆ ಎಲೆ ಹಳದಿಯಾಗುತ್ತದೆ, ಅಲ್ಲಿಗೆ ಸುಣ್ಣ ತಾಳುವ 140 ರುಗ್ಗೇರಿಯಂಥ ಬೇರುಸಸಿ ಬೇಕು; ಗರಸಿಗೆ 110 ಆರ್ ಹೊಂದಬಹುದು. ಖಾನಾಪುರದ ಕಡೆಯ ಗುಡ್ಡಗಳಲ್ಲಿ ಮಳೆಯೇ ಬಳ್ಳಿಯನ್ನು ಕೊಳೆಸುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ವಿಜಯಪುರದ ಬಳಿ ತಿಡಗುಂದಿಯಲ್ಲಿರುವ ಅದರ ಕೇಂದ್ರವೂ ನಮ್ಮ ಮಗ್ಗುಲಲ್ಲೇ ಇವೆ. ಸಮತಟ್ಟಾದ ಹೊಲದಲ್ಲಿ ನಡೆಸುವ ಪ್ರಯೋಗಗಳನ್ನು ಇಂಥ ನಾಲ್ಕೈದು ಇಳಿಜಾರುಗಳಿಗೂ ಹತ್ತಿಸಿ, ಯಾವ ಬೇರುಸಸಿ ಎಲ್ಲಿಗೆ ಎಂಬುದನ್ನು ತಿಳಿಸಿಕೊಟ್ಟ ಮೇಲೆಯೇ ಸರ್ಕಾರ ರೈತನಿಗೆ ನೆಡು ಎಂದು ಹೇಳಬೇಕು.

ಐತಿಹಾಸಿಕ ಜಾಗವೆಂಬ ವಿಚಾರಕ್ಕೆ ಬಂದರೆ, ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ವೈನ್ ರುಚಿ ನೋಡುವ ಕೋಣೆಯನ್ನು ಬುರುಜಿಗೆ ಅಂಟಿಸಿ ಕಟ್ಟುವ ಕನಸು ಕಾಣುವವರು ಇದನ್ನು ಮೊದಲು ಓದಿಕೊಳ್ಳಲಿ. ನಮ್ಮೂರಿನಂಥ, ಯಾವ ಪಟ್ಟಿಯಲ್ಲೂ ಇಲ್ಲದ ವಾಡೆಗಳಿಗೆ ಆ ರಕ್ಷಣೆಯೂ ಇಲ್ಲ. ಅಲ್ಲಿ ಚಪ್ಪರದ ಕಂಬ ನಿಲ್ಲಿಸಲು ಜೆಸಿಬಿ ಹತ್ತಿಸಿದರೆ ಒಂದೇ ದಿನದಲ್ಲಿ ಒಡ್ಡು ನೆಲಸಮವಾಗುತ್ತದೆ. ಗುಡ್ಡ ಖಾಲಿ ಬಿದ್ದಿದೆಯೆಂಬುದೂ ಸುಳ್ಳು. ಮಳೆಗಾಲದಲ್ಲಿ ನಾಲ್ಕು ಹಳ್ಳಿಯ ಕುರಿ ಅಲ್ಲಿಯೇ ಮೇಯುತ್ತವೆ. ಡೌನಿಗೆ ನಾವು ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವ ಮೈಲುತುತ್ತದ ತಾಮ್ರ ಕುರಿಗೆ ವಿಷ, ಉಳಿದ ದನಕರುಗಳಿಗಿಂತ ಕುರಿಗೇ ಹೆಚ್ಚು. ಆದ್ದರಿಂದ ಬಳ್ಳಿಯ ಸಾಲಿಗೆ ಬೇಲಿ ಹಾಕುವ ಮೊದಲು ಕುರಿಗಾರರಿಗೆ ಬೇರೆ ದಾರಿ, ಬೇರೆ ಹುಲ್ಲು ತೋರಿಸುವುದು ಯೋಜನೆಯ ಭಾಗವಾಗಿರಬೇಕು.

ಮದ್ಯದ ಬೆಳೆಯನ್ನು ಗುಡಿ ಗುಂಡಾರದ ಗುಡ್ಡಕ್ಕೆ ತರಬೇಡಿ ಎನ್ನುವವರೂ ಇದ್ದಾರೆ. ನಮ್ಮದು ತುಳಸಿಮಾಲೆ ಹಾಕಿದ, ಪಂಢರಪುರದ ವಾರಿ ಪಾದಯಾತ್ರೆ ಮಾಡುವ ಮನೆತನ. ನಾನು ಬೆಳೆದ ಹಣ್ಣಿನ ವೈನನ್ನು ನಾನೇ ರುಚಿ ನೋಡಿಲ್ಲ. ಗುಡಿಯ ಗುಡ್ಡಗಳನ್ನು ಬಿಟ್ಟುಬಿಡೋಣ ಎಂಬುದಕ್ಕೆ ನನ್ನ ತಕರಾರಿಲ್ಲ. ಉಳಿದ ಕಡೆ ಬೆಳೆಯುವವನ ಮನೆ ನಡೆಯುತ್ತದೆಯೇ ಎಂಬ ಪ್ರಶ್ನೆಯೇ ನನಗೆ ದೊಡ್ಡದು.

ಮನೆ ನಡೆಯಬೇಕಾದರೆ ಮೊದಲನೆಯದಾಗಿ ಹಣ್ಣಿನ ಬೆಲೆಯನ್ನು ತೂಕದ ಬದಲು ಎಕರೆಯ ಮೇಲೆ ನಿಗದಿ ಮಾಡಿ, ಎಕರೆಗೆ ಮೂರೂವರೆ ಟನ್ನಿಗಿಂತ ಹೆಚ್ಚು ತೆಗೆಯಬಾರದೆಂಬ ಕರಾರು ಹಾಕಬೇಕು. ಅದರ ಮೇಲೆ ಬ್ರಿಕ್ಸ್, ಪಿಎಚ್ ಮತ್ತು ಬಣ್ಣ ನೋಡಿ ಹೆಚ್ಚುವರಿ ಕೊಡಲಿ. ಕೊಯ್ಲಿನ ದಿನವನ್ನು ಕಂಪನಿಯವರು ತಪ್ಪಿಸಿದರೆ ನಷ್ಟ ಅವರದೇ ಎಂಬ ಮಾತು ಬರಹದಲ್ಲಿ ಇರಬೇಕು, ಆ ಬರಹಕ್ಕೆ ರಾಜ್ಯದ ವೈನ್ ಮಂಡಳಿ ಸಾಕ್ಷಿಯಾಗಿ ನಿಲ್ಲಬೇಕು. ಎರಡನೆಯದಾಗಿ ಹಣ್ಣನ್ನು ಇಲ್ಲಿಯೇ ಹಿಂಡುವ ವ್ಯವಸ್ಥೆ ಬೇಕು. ಬೆಳಗಿನ ತಂಪಿನಲ್ಲಿ ಕೊಯ್ದ ಹಣ್ಣು ನಾಸಿಕಕ್ಕೋ ದೊಡ್ಡಬಳ್ಳಾಪುರಕ್ಕೋ ನಾನೂರು ಕಿಲೋಮೀಟರಿಗೂ ಮೇಲ್ಪಟ್ಟು ಲಾರಿಯಲ್ಲಿ ಕುಲುಕಿದರೆ ಕ್ರೇಟಿನ ತಳದ ಹಣ್ಣು ಒಡೆದು ದಾರಿಯಲ್ಲೇ ಹುಳಿಯತೊಡಗುತ್ತದೆ. ವಿಜಯಪುರದ ಹತ್ತಿರದ ತೊರವಿಯ ಬಳಿ ವೈನ್ ಪಾರ್ಕ್ ಆಗುವುದೆಂಬ ಮಾತನ್ನು ನಾವು ವರ್ಷಗಟ್ಟಲೆ ಕೇಳುತ್ತ ಬಂದವರು. ಅಷ್ಟು ದೊಡ್ಡದೇ ಬೇಕೆಂದಿಲ್ಲ. ಹದಿನೈದು ಇಪ್ಪತ್ತು ಟನ್ ಹುದುಗಿಸುವ ಸ್ಟೀಲ್ ಟ್ಯಾಂಕು, ತಂಪು ಮಾಡುವ ಯಂತ್ರ ಇದ್ದರೂ ಒಂದು ಗುಡ್ಡದ ಹಣ್ಣಿಗೆ ಸಾಕು.

ಮೂರನೆಯ ತೊಡಕನ್ನು ಪರದೇಶದ ಚಿತ್ರ ನೋಡಿ ಬರೆಯುವವರು ಗಮನಿಸಿದಂತಿಲ್ಲ. ಅಲ್ಲಿ ಐತಿಹಾಸಿಕ ಎಸ್ಟೇಟ್ ಎಂದರೆ ಹಲವು ಕಡೆ ಒಬ್ಬ ಒಡೆಯನ ಒಂದು ಆಸ್ತಿ. ನಮ್ಮಲ್ಲಿ ದೇಸಾಯರ ಗುಡ್ಡವೆಂದು ಕರೆದರೂ ಅದರ ಉತಾರಗಳಲ್ಲಿ (ಪಹಣಿ) ಇಂದು ಹದಿನೇಳು ಖಾತೆದಾರರಿದ್ದಾರೆ, ಎಲ್ಲರೂ ಉಳುಮೆ ಮಾಡಿ ಪಡೆದವರ ಮಕ್ಕಳು. ಯಾವುದೋ ಕಂಪನಿಗೆ ಇಡೀ ಗುಡ್ಡವನ್ನು ಒಪ್ಪಿಸಿ, ನಾವು ಅಲ್ಲಿಯೇ ಕೂಲಿಯಾಗುವ ಯೋಜನೆ ಬೇಡ. ಹದಿನೇಳು ಜನರ ಉತ್ಪಾದಕರ ಸಂಘ ಮಾಡಿ, ಒಂದೇ ದಿನ ಚಾಟ್ನಿ, ಒಂದೇ ಕರಾರು, ಒಂದೇ ಟ್ಯಾಂಕು ಎಂದರೆ ಆಗಬಹುದು. ಅಣ್ಣತಮ್ಮಂದಿರೇ ಬದುವಿಗಾಗಿ ಕೋರ್ಟಿಗೆ ಹೋಗುವ ಊರಿನಲ್ಲಿ ಇದು ಸುಲಭವಲ್ಲವೆಂಬುದು ನನಗೂ ಗೊತ್ತು.

ನಾನು ಉಳಿಸಿಕೊಂಡ ಇಪ್ಪತ್ತು ಗುಂಟೆಯ ಶಿರಾಜ್ ಈಗಲೂ ವರ್ಷಕ್ಕೆ ಒಂದೂವರೆ ಟನ್ ಕೊಡುತ್ತದೆ. ಅದನ್ನು ಜ್ಯೂಸಿನವರು ಸಿಕ್ಕ ದರಕ್ಕೆ ಒಯ್ಯುತ್ತಾರೆ. ತೋಟಗಾರಿಕೆ ಇಲಾಖೆಯವರಾಗಲಿ, ವೈನ್ ಮಂಡಳಿಯವರಾಗಲಿ, ಪತ್ರ ಬರೆದ ಆ ವಾಚಕರಾಗಲಿ ಬರುವ ಫೆಬ್ರವರಿಯ ಮೂರನೆಯ ವಾರದಲ್ಲಿ ಬ್ರಿಕ್ಸ್ ಮೀಟರ್ ಹಿಡಿದು ಬಂದರೆ ಗರಸಿನ ಗುಣವನ್ನು ಹಣ್ಣಿನಲ್ಲೇ ತೋರಿಸುತ್ತೇನೆ. ಅಗಸೆಯವರೆಗೆ ಗಾಡಿ ಬರುತ್ತದೆ, ಅಲ್ಲಿಂದ ಮುಂದೆ ನಡೆಯಬೇಕು.

ತಮ್ಮ ವಿಶ್ವಾಸಿ,
ಒಬ್ಬ ದ್ರಾಕ್ಷಿ ಬೆಳೆಗಾರ
ಜಮಖಂಡಿ ತಾಲೂಕು, ಬಾಗಲಕೋಟೆ ಜಿಲ್ಲೆ